ಮನೆಯೊಳಗಿನ ದುಡಿಮೆ ಮತ್ತು ಮನೆಯ ಉಡುಪು: ಸೌದಿ ಅರೇಬಿಯಾದಿಂದ ಒಂದು ಟಿಪ್ಪಣಿ

ಸೌದಿ ಅರೇಬಿಯಾದಲ್ಲಿರುವ ಹೆಂಗಸರ ಉಡುಪು ಎಂದೊಡನೆ ಊರಿನವರ ಕಣ್ಣ ಮುಂದೆ ಬರುವುದು ಕಪ್ಪು ಅಬಾಯ. ರಜೆಯಲ್ಲಿ ಕಾರ್ಕಳದ ಕಡೆಯ ನಮ್ಮ ಹಳ್ಳಿಗೆ ಹೋದಾಗಲೆಲ್ಲ ನಾನು ಮೊದಲು ಎದುರಿಸುವ ಪ್ರಶ್ನೆಯೂ ಅದರ ಕುರಿತಾದದ್ದೇ. ಆದರೆ 2011ರಿಂದ ದಮಾಮಿನಲ್ಲಿ ಸಂಸಾರ ಮಾಡಿಕೊಂಡಿರುವ ನನ್ನ ಲೆಕ್ಕದಲ್ಲಿ ಅಬಾಯವು ಹೊರಗೆ ಹೋಗುವ ಹೊತ್ತಿನ ಉಡುಪು ಮಾತ್ರ. ಅಡುಗೆ, ಮಗುವಿಗೆ ಹಾಲೂಡಿಸುವುದು, ಮಕ್ಕಳ ಓದು, ಉತ್ತರಪತ್ರಿಕೆ ತಿದ್ದುವುದು, ಗಣಕದ ಮುಂದೆ ಕುಳಿತು ಪಾಠ ಹೇಳುವುದು, ಇವೆಲ್ಲ ನಡೆಯುವುದು ಮನೆಯ ಬಟ್ಟೆಯಲ್ಲಿ. ಹೊರಗಿನ ಉಡುಪಿನ ಬಗ್ಗೆ ಎಷ್ಟೋ ಚರ್ಚೆಗಳು ನಡೆದಿವೆ. ಮನೆಯಲ್ಲಿ ದುಡಿಯುವ ತಾಯಿಯ ಮೈಮೇಲೆ ದಿನವಿಡೀ ಇರುವ ಬಟ್ಟೆಯನ್ನು ಮಾತ್ರ ಯಾರೂ ಕೆಲಸದ ಉಡುಪೆಂದು ಎಣಿಸುವುದಿಲ್ಲ. ಹಾಗೆ ಎಣಿಸದಿರುವುದರಿಂದ ಆಗುವ ತೊಂದರೆ ಎಂತಹದು, ಎಣಿಸಿದರೆ ಏನೇನನ್ನು ಗಮನಿಸಬೇಕು ಎಂಬುದನ್ನು ನನ್ನ ಅನುಭವದೊಡನೆ ಇಲ್ಲಿ ದಾಖಲಿಸಿದ್ದೇನೆ.

ಅಮ್ಮನ ಮಡಿಲ ಬಟ್ಟೆ

ಮನೆಯಲ್ಲಿ ಕುಳಿತು ಸಂಬಳಕ್ಕೆ ದುಡಿಯುವುದು ಮಹಾಮಾರಿಯ ಕಾಲದಲ್ಲಿ ಹುಟ್ಟಿದ ಪದ್ಧತಿ ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಕರಾವಳಿಯವರಿಗೆ ಅದು ಹೊಸತಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಸಹಸ್ರಾರು ಮನೆಗಳು ತಲೆಮಾರುಗಳ ಕಾಲ ನಡೆದದ್ದು ಹೆಂಗಸರು ಜಗಲಿಯಲ್ಲಿ ಕುಳಿತು ಕಟ್ಟಿದ ಬೀಡಿಯಿಂದ. ನನ್ನ ಅಮ್ಮ ಅವರಲ್ಲೊಬ್ಬರು. ಬೀಡಿ ಬ್ರಾಂಚಿನಿಂದ ಎಲೆ ಮತ್ತು ಹೊಗೆಸೊಪ್ಪನ್ನು ತಂದು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಒಲೆಯ ಮೇಲಿನ ಅನ್ನ ಕುದಿಯುವ ಸದ್ದಿಗೆ ಕಿವಿಗೊಟ್ಟೇ ಬೀಡಿ ಕಟ್ಟುತ್ತಿದ್ದರು. ಕೂಲಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕ. ಭಾರತದ ಸಂಸತ್ತು 1966ರಲ್ಲಿ ಅಂಗೀಕರಿಸಿದ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಮನೆಯಲ್ಲಿ ಕುಳಿತು ಕಟ್ಟುವವರನ್ನೂ ಕಾರ್ಮಿಕರೆಂದೇ ಗುರುತಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಮನೆಗೆಲಸದ ಕಾರ್ಮಿಕರಿಗಲ್ಲದೆ ಮನೆಯಲ್ಲೇ ಕೂತು ಉತ್ಪಾದನೆ ಮಾಡುವವರಿಗಾಗಿ ಪ್ರತ್ಯೇಕ ಒಡಂಬಡಿಕೆಯನ್ನು, ಅದರ 177ನೆಯದನ್ನು, ರೂಪಿಸಿದ್ದು ಅದಾದ ಮೂವತ್ತು ವರ್ಷಗಳ ಮೇಲೆ, 1996ರಲ್ಲಿ.

ಅಮ್ಮ ಕೆಲಸಕ್ಕೆ ಕೂರುವಾಗ ಹಳೆಯ ಸೀರೆಯ ತುಂಡೊಂದನ್ನು ಮಡಿಲ ಮೇಲೆ ಹಾಸಿಕೊಳ್ಳುತ್ತಿದ್ದರು. ಹೊಗೆಸೊಪ್ಪಿನ ಧೂಳು ಉಟ್ಟ ಸೀರೆಗೆ ತಾಗಬಾರದು, ಆ ಸೀರೆಯಿಂದ ಮಗುವಿನ ಮೂಗಿಗೆ ಹೋಗಬಾರದು ಎಂಬುದು ಅದರ ಉದ್ದೇಶ. ಸಂಜೆ ಅಂಗಳಕ್ಕಿಳಿದು ಆ ಬಟ್ಟೆಯನ್ನು ಎರಡು ಬಾರಿ ಕೊಡವಿ, ಮಡಚಿ, ಮೊರದ ಕೆಳಗಿಡುವರು. ಆಮೇಲೆ ನಾವು ಮಕ್ಕಳು ಅವರ ಮಡಿಲೇರಬಹುದಿತ್ತು. ಅದಕ್ಕಿಂತ ಮೊದಲು ಏರಿದರೆ ಪೆಟ್ಟು. ಆ ತುಂಡು ಬಟ್ಟೆ ಅಮ್ಮನ ಕೆಲಸದ ಉಡುಪಾಗಿತ್ತೆಂದು ನನಗೆ ಹೊಳೆಯಲು ಬಹಳ ವರ್ಷ ಹಿಡಿಯಿತು.

ನೈಟಿಯ ಸ್ಥಾನಮಾನ

ಸೀರೆಯಿಂದ ಅಮ್ಮ ನೈಟಿಗೆ ಬಂದದ್ದು ನಾನು ಪ್ರೌಢಶಾಲೆಯಲ್ಲಿದ್ದಾಗ. ಕೆಲವು ಮನೆಗಳಲ್ಲಿ ಮ್ಯಾಕ್ಸಿ ಎಂದೂ ಕರೆಯುವ ಈ ಉಡುಪು ಹೆಸರಿಗೆ ಮಾತ್ರ ರಾತ್ರಿಯದು. ಕಳೆದ ಕೆಲವು ದಶಕಗಳಲ್ಲಿ ಅದು ದಕ್ಷಿಣ ಭಾರತದ ಗೃಹಿಣಿಯರ ಹಗಲುಡುಪಾಗಿ ನೆಲೆಗೊಂಡಿತು. ಕಾರಣ ಸರಳ. ಐದೂವರೆ ಮೀಟರಿನ ಸೀರೆ, ಅದರ ಲಂಗ, ರವಿಕೆ ಇವುಗಳ ಬದಲು ಒಂದೇ ಬಟ್ಟೆ; ಬೆಲೆ ಕಡಿಮೆ, ಒಗೆಯುವುದು ಸುಲಭ, ಸೊಂಟಕ್ಕೆ ಬಿಗಿತವಿಲ್ಲ. ತರಕಾರಿಯವನು ಬಂದರೆ ಹೆಗಲಿಗೊಂದು ಬೈರಾಸು ಅಥವಾ ವೇಲು ಹಾಕಿಕೊಂಡರಾಯಿತು.

ಹೀಗಿದ್ದರೂ ಸಮಾಜವು ನೈಟಿಗೆ ಪೂರ್ಣ ಸಮ್ಮತಿಯನ್ನು ಕೊಡಲಿಲ್ಲ. 2014ರಲ್ಲಿ ನವಿ ಮುಂಬಯಿಯ ಗೋಠಿವಲಿ ಗ್ರಾಮದ ಮಹಿಳಾ ಮಂಡಳಿಯೊಂದು ಹಗಲಿನಲ್ಲಿ ನೈಟಿಯುಟ್ಟು ಬೀದಿಗೆ ಬಂದವರಿಗೆ 500 ರೂಪಾಯಿ ದಂಡವೆಂದು ಸಾರಿತು. 2018ರಲ್ಲಿ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯ ಹಿರಿಯರು ಬೆಳಗಿನ ಏಳರಿಂದ ಸಂಜೆಯ ಏಳರವರೆಗೆ ನೈಟಿ ಕೂಡದೆಂದೂ, ತಪ್ಪಿದರೆ 2000 ರೂಪಾಯಿ ದಂಡವೆಂದೂ, ಹೇಳಿಕೊಟ್ಟವರಿಗೆ 1000 ರೂಪಾಯಿ ಬಹುಮಾನವೆಂದೂ ಕಟ್ಟಳೆ ಮಾಡಿದರು. ಎರಡೂ ಸುದ್ದಿಗಳು ದೇಶದ ಪತ್ರಿಕೆಗಳಲ್ಲಿ ನಗೆಯ ವಸ್ತುವಾದವು. ಆದರೆ ಅವುಗಳ ಹಿಂದೆ ಒಂದು ತೀರ್ಮಾನವಿದೆ. ಮನೆಯ ಬಟ್ಟೆಯಲ್ಲಿರುವವಳು ಕೆಲಸದಲ್ಲಿಲ್ಲ, ಆದ್ದರಿಂದ ಅವಳ ಸೌಕರ್ಯವು ಸೋಮಾರಿತನದ ಗುರುತು ಎಂಬುದೇ ಆ ತೀರ್ಮಾನ.

ಹೊರಗಿನ ನಿಯಮ, ಒಳಗಿನ ರೂಢಿ

ಈ ಎರಡು ನೆನಪುಗಳೊಡನೆ ನಾನು ಸೌದಿಗೆ ಬಂದಾಗ ಇಲ್ಲಿ ಪರದೇಶದ ಹೆಂಗಸರೂ ಅಬಾಯವಿಲ್ಲದೆ ಹೊರಗೆ ಹೋಗುವಂತಿರಲಿಲ್ಲ. 2018ರ ಮಾರ್ಚ್ ತಿಂಗಳಲ್ಲಿ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಅವರು ಅಮೆರಿಕದ ದೂರದರ್ಶನ ವಾಹಿನಿಯೊಂದರ ಸಂದರ್ಶನದಲ್ಲಿ, ಉಡುಪು ಮರ್ಯಾದೆಯದಾಗಿರಬೇಕೇ ಹೊರತು ಅದು ಕಪ್ಪು ಅಬಾಯವೇ ಆಗಬೇಕೆಂಬ ನಿರ್ಬಂಧವಿಲ್ಲ ಎಂಬ ಅರ್ಥದ ಮಾತನ್ನಾಡಿದರು. ಅದೇ ವರ್ಷದ ಜೂನ್ 24ರಂದು ಹೆಂಗಸರು ಕಾರು ಓಡಿಸಲು ಅನುಮತಿ ಜಾರಿಗೆ ಬಂತು. 2019ರ ಸೆಪ್ಟೆಂಬರಿನಲ್ಲಿ ಪ್ರವಾಸಿ ವೀಸಾ ಆರಂಭವಾದಾಗ ವಿದೇಶಿ ಪ್ರವಾಸಿ ಮಹಿಳೆಯರಿಗೆ ಅಬಾಯ ಕಡ್ಡಾಯವಲ್ಲವೆಂದು ಸ್ಪಷ್ಟಪಡಿಸಲಾಯಿತು. ನಮ್ಮಲ್ಲಿ ಕೆಲವರು ಅದನ್ನು ಬಿಟ್ಟರು. ನಂಬಿಕೆಯಿಂದ ತೊಡುವವರು ತೊಡುತ್ತಾರೆ. ಇನ್ನು ಕೆಲವರು ಅನುಕೂಲಕ್ಕಾಗಿ ಉಳಿಸಿಕೊಂಡಿದ್ದಾರೆ.

ಆ ಅನುಕೂಲ ಯಾವುದೆಂದರೆ, ಅಬಾಯದ ಕೆಳಗೆ ಏನಿದೆಯೆಂದು ಯಾರಿಗೂ ತಿಳಿಯುವುದಿಲ್ಲ. ಬೆಳಗಿನ ಆರೂಕಾಲಕ್ಕೆ ಶಾಲೆಯ ಬಸ್ಸಿನ ಬಳಿ ನಿಂತ ತಾಯಂದಿರಲ್ಲಿ ಬಹುತೇಕ ಜನ ಅಬಾಯದ ಒಳಗೆ ರಾತ್ರಿಯ ನೈಟಿಯಲ್ಲೇ ಇರುತ್ತಾರೆ. ಮಂಗಳೂರಿನವರು, ಭಟ್ಕಳದವರು, ಕಲಬುರಗಿಯವರು ಎಂಬ ಭೇದ ಇದರಲ್ಲಿಲ್ಲ. ತೋಕಲಪಲ್ಲಿಯ ಹಿರಿಯರಿಗೂ ಇಲ್ಲಿ ದಂಡ ಹಾಕಲು ಸಾಧ್ಯವಾಗಲಿಕ್ಕಿಲ್ಲ.

ಸೌದಿಯ ಮಹಿಳೆಯರ ಮನೆಯುಡುಪು ನೈಟಿಗೆ ದೂರದ್ದಲ್ಲ. ಜಲ್ಲಾಬಿಯಾ ಮತ್ತು ದರಾಅ ಎಂಬ ಪಾದದವರೆಗಿನ ಸಡಿಲ ಉಡುಪುಗಳನ್ನು ಅವರು ಮನೆಯಲ್ಲಿ ತೊಡುತ್ತಾರೆ. ರಂಜಾನ್ ತಿಂಗಳಲ್ಲಿ ಬಂಧುಗಳ ಮನೆಗೆ ಹೋಗುವಾಗ ಕಸೂತಿಯ ಜಲ್ಲಾಬಿಯಾ ಗೌರವದ ಉಡುಪು. ಅಂದರೆ ಸಡಿಲವಾದ ಉದ್ದನೆಯ ಅಂಗಿ ಇಲ್ಲಿ ಅತಿಥಿಯ ಮುಂದೆ ನಿಲ್ಲಲು ನಾಚಬೇಕಾದ ಬಟ್ಟೆಯಲ್ಲ. ನೆರೆಮನೆಯ ಸೌದಿ ಅಜ್ಜಿಯೊಬ್ಬರು ತಮ್ಮ ಹಳೆಯ ದರಾಅವನ್ನು ನನಗೆ ತೋರಿಸಿದಾಗ ಕಂಕುಳಲ್ಲಿ ಬೇರೆ ಬಣ್ಣದ ಚೌಕ ತುಂಡೊಂದನ್ನು ಸೇರಿಸಿ ಹೊಲಿದದ್ದನ್ನು ಕಂಡೆ. ಬಟ್ಟೆಯನ್ನು ನೇರ ಪಟ್ಟಿಗಳಾಗಿ ಕತ್ತರಿಸಿ ಹೊಲಿಯುವ ಹಳೆಯ ಪದ್ಧತಿಯಲ್ಲಿ, ಕೈ ಮೇಲೆತ್ತಿದಾಗ ಅಂಗಿ ಎಳೆಯದಂತೆ ಮಾಡುವ ಉಪಾಯವದು. ಉತ್ತರ ಭಾರತದ ಹಳೆಯ ಮಾದರಿಯ ಕುರ್ತಾಗಳಲ್ಲಿಯೂ ಇದೇ ತುಂಡಿದೆ. ಇಂದಿನ ಅಗ್ಗದ ನೈಟಿಗಳಲ್ಲಿ ಅದನ್ನು ಬಿಟ್ಟಿರುವುದರಿಂದಲೇ ಕಂಕುಳ ಹೊಲಿಗೆ ಮೊದಲು ಬಿಚ್ಚಿಕೊಳ್ಳುತ್ತದೆ.

ಮನೆಯೇ ಶಾಲೆಯಾದ ವರ್ಷ

ಇಲ್ಲಿನ ಕನ್ನಡ ಕುಟುಂಬಗಳಲ್ಲಿ ಹೆಂಡತಿಯೂ ದುಡಿಯುವುದು ಹೆಚ್ಚಾದದ್ದಕ್ಕೆ ಆಸೆಯಷ್ಟೇ ಕಾರಣವಲ್ಲ. 2017ರ ಜುಲೈಯಿಂದ ವಲಸಿಗರ ಪ್ರತಿಯೊಬ್ಬ ಅವಲಂಬಿತರಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ಅದು ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ 400 ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿರುವ ಮನೆಗೆ ತಿಂಗಳಿಗೆ 1200 ರಿಯಾಲ್. 2018ರ ಜನವರಿಯಲ್ಲಿ ಶೇಕಡ 5ರಷ್ಟಿದ್ದ ಮೌಲ್ಯವರ್ಧಿತ ತೆರಿಗೆ 2020ರ ಜುಲೈಯಲ್ಲಿ ಶೇಕಡ 15ಕ್ಕೇರಿತು. ಎಷ್ಟೋ ಗಂಡಸರು ಸಂಸಾರವನ್ನು ಊರಿಗೆ ಕಳುಹಿಸಿದರು. ಉಳಿದುಕೊಂಡ ಮನೆಗಳಲ್ಲಿ ಎರಡನೆಯ ಸಂಬಳ ಬೇಕಾಯಿತು. ನಾನು ಭಾರತೀಯ ಪಠ್ಯಕ್ರಮದ ಶಾಲೆಯೊಂದರಲ್ಲಿ ಪ್ರಾಥಮಿಕ ತರಗತಿಗಳಿಗೆ ಗಣಿತದ ಶಿಕ್ಷಕಿಯಾದೆ.

2020ರ ಮಾರ್ಚ್ 9ರಿಂದ ಸೌದಿಯ ಶಾಲೆಗಳೆಲ್ಲ ಮುಚ್ಚಿದವು. ಏಪ್ರಿಲ್ ಮೊದಲ ವಾರದಲ್ಲಿ ರಿಯಾದ್, ಜೆದ್ದಾ, ದಮಾಮ್ ಮೊದಲಾದ ನಗರಗಳಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಯೂ ಕರ್ಫ್ಯೂ ಜಾರಿಗೆ ಬಂತು. ಪ್ರಾಥಮಿಕ ತರಗತಿಗಳ ಮಕ್ಕಳು ಶಾಲೆಗೆ ಮರಳಿದ್ದು 2022ರ ಜನವರಿ 23ರಂದು. ಹತ್ತಿರ ಹತ್ತಿರ ಎರಡು ವರ್ಷ ನಮ್ಮ ಊಟದ ಮೇಜೇ ನನ್ನ ತರಗತಿ. ಮಗಳು ಒಳಕೋಣೆಯಲ್ಲಿ ತನ್ನ ಪಾಠಕ್ಕೆ, ಒಂದೂಕಾಲು ವರ್ಷದ ಮಗ ನನ್ನ ಕಾಲ ಬಳಿ. ಎರಡು ತರಗತಿಗಳ ನಡುವಿನ ಹತ್ತು ನಿಮಿಷದಲ್ಲಿ ಅಡುಗೆ.

ಆಗಿನ ನನ್ನ ವೇಷ ಹೀಗಿತ್ತು: ಕೆಳಗೆ ನೈಟಿ, ಮೇಲೆ ಕ್ಯಾಮೆರಾಗೆ ಕಾಣುವಷ್ಟು ಭಾಗಕ್ಕೆ ಪಾಲಿಯೆಸ್ಟರಿನ ಉದ್ದ ತೋಳಿನ ಮೇಲಂಗಿ. ಏಪ್ರಿಲಿನ ಒಂದು ಬೆಳಗ್ಗೆ ಮಗನಿಗೆ ಗಂಜಿ ಬಿಸಿಮಾಡಲೆಂದು ಒಲೆಯತ್ತ ಓಡಿದವಳು ಹಿಂದಿನ ಬರ್ನರಿನ ಮೇಲಿದ್ದ ಪಾತ್ರೆಗೆ ಕೈ ಚಾಚಿದೆ. ಮುಂದಿನ ಬರ್ನರಿನ ಉರಿ ತೋಳಿಗೆ ತಾಗಿತು. ಬಟ್ಟೆ ಉರಿಯುವುದಕ್ಕಿಂತ ಹೆಚ್ಚಾಗಿ ಕರಗಿತು. ಕರಗಿ ಮುಂಗೈಗೆ ಅಂಟಿತು. ಮಗ ಅಷ್ಟು ಹೊತ್ತಿಗೆ ನನ್ನ ನೈಟಿಯ ಅಂಚನ್ನು ಹಿಡಿದು ನಿಂತಿದ್ದ. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣನೆಯ ನೀರು ಬಿಡಬೇಕೆಂಬುದು ನನಗೆ ಗೊತ್ತಿತ್ತು. ಆದರೆ ಗಲ್ಫಿನ ಮನೆಗಳಲ್ಲಿ ನೀರು ಬರುವುದು ತಾರಸಿಯ ಟ್ಯಾಂಕಿನಿಂದ. ನಲ್ಲಿಯ ನೀರು ಆಗಲೇ ಬೆಚ್ಚಗಿತ್ತು. ಕುಡಿಯುವ ನೀರಿನ ಕ್ಯಾನನ್ನೇ ಕೈಮೇಲೆ ಸುರಿದುಕೊಂಡೆ. ಮುಂದಿನ ತರಗತಿಗೆ ಆರು ನಿಮಿಷ ತಡವಾಗಿ ಹೋದೆ. ಕಾರಣ ಹೇಳಲು ಸಂಕೋಚವಾಯಿತು, ಸಂಪರ್ಕ ಕಡಿದಿತ್ತೆಂದೆ.

ಆ ಸುಳ್ಳನ್ನು ನಾನು ಆಮೇಲೆ ಬಹಳ ಸಲ ನೆನೆದಿದ್ದೇನೆ. ಕಾರ್ಖಾನೆಯಲ್ಲಿ ಕೈ ಸುಟ್ಟರೆ ಅದು ಕೆಲಸದ ಅಪಘಾತ. ಅಡುಗೆಮನೆಯಲ್ಲಿ, ಎರಡು ಪಾಠಗಳ ನಡುವೆ ಸುಟ್ಟರೆ ಅದು ನನ್ನ ಅಜಾಗರೂಕತೆ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಯಾವ ಬಟ್ಟೆ

ಬಿಸಿಲ ದೇಶವೆಂದು ತೆಳುವಾದ ಬಟ್ಟೆಯಷ್ಟೇ ಸಾಕೆಂದುಕೊಳ್ಳುವುದು ಹೊಸದಾಗಿ ಬಂದವರ ತಪ್ಪು. ನಮ್ಮ ತೊಂದರೆ ಬರೀ ಸೆಕೆಯದಲ್ಲ, ಸೆಕೆ ಮತ್ತು ಚಳಿಗಳ ನಡುವಿನ ಓಡಾಟದ್ದು. ಕೋಣೆಯಲ್ಲಿ ಹವಾನಿಯಂತ್ರಣದ ತಂಪು. ಅಡುಗೆಮನೆಯಲ್ಲಿ ಒಲೆಯ ಕಾವು. ದಿನಕ್ಕೆ ಇಪ್ಪತ್ತು ಸಲ ಇವೆರಡರ ನಡುವೆ ಹೋಗಿಬರುವವಳ ಬೆನ್ನು ಒಮ್ಮೆ ಬೆವರುತ್ತದೆ, ಮರುಕ್ಷಣ ತಣ್ಣಗಾಗುತ್ತದೆ. ಹೊರಗಿನ ಹವೆಯೂ ಊರಿಂದೂರಿಗೆ ಬೇರೆ. ದಮಾಮ್, ಜುಬೈಲ್, ಜೆದ್ದಾ ಕಡಲ ತೀರದ ಜಿಗುಟು ಸೆಕೆಯವು. ರಿಯಾದ್ ಒಣ ಬಿಸಿಲಿನದು, ಚಳಿಗಾಲದಲ್ಲಿ ಸ್ವೆಟರ್ ಬೇಡುವಂತಹದು. ಸಮುದ್ರಮಟ್ಟದಿಂದ 2200 ಮೀಟರಿನಷ್ಟು ಎತ್ತರದ ಅಭಾದಲ್ಲಿ ಬೇಸಿಗೆಯೂ ಹಿತ.

ಹತ್ತಿಯ ನೂಲು ಸಾಧಾರಣ ಹವೆಯಲ್ಲಿ ತನ್ನ ಒಣತೂಕದ ಸುಮಾರು ಶೇಕಡ 8ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇಕಡ 0.4ರಷ್ಟು ಮಾತ್ರ. ಆದ್ದರಿಂದ ಪಾಲಿಯೆಸ್ಟರಿನಲ್ಲಿ ಬೆವರು ಚರ್ಮದ ಮೇಲೆಯೇ ನಿಲ್ಲುತ್ತದೆ. ಹತ್ತಿಗೂ ಒಂದು ಕೊರತೆಯಿದೆ. ಪೂರ್ತಿ ತೊಯ್ದರೆ ಅದು ನಿಧಾನವಾಗಿ ಒಣಗುತ್ತದೆ, ತಂಪು ಕೋಣೆಯಲ್ಲಿ ಬೆನ್ನಿಗೆ ಚಳಿ ಹತ್ತಿಸುತ್ತದೆ. ದಪ್ಪ ಹತ್ತಿಯ ಒಂದೇ ಅಂಗಿಗಿಂತ ವಾಯ್ಲ್ ಅಥವಾ ಮಲ್‌ಮಲ್‌ನಂತಹ ತೆಳು ಹತ್ತಿಯ ಅಂಗಿ, ಅದರ ಮೇಲೆ ಬೇಕಾದಾಗ ಹಾಕಿ ತೆಗೆಯಬಹುದಾದ ತೋಳಿಲ್ಲದ ಮೇಲಂಗಿ, ಈ ಜೋಡಿಯೇ ಮೇಲು. ರೇಯಾನ್ ಮೃದುವಾದದ್ದು, ಬೆವರನ್ನೂ ಹೀರುತ್ತದೆ. ಆದರೆ ಒದ್ದೆಯಾದಾಗ ಅದರ ನೂಲಿನ ಬಲ ಕುಂದುವುದರಿಂದ ದಿನನಿತ್ಯದ ಯಂತ್ರದ ಒಗೆತಕ್ಕೆ ಹೆಚ್ಚು ಕಾಲ ಬಾಳುವುದಿಲ್ಲ. ಹತ್ತಿಯೂ ಬೆಂಕಿ ಹಿಡಿಯುತ್ತದೆ ಎಂಬುದನ್ನು ಮರೆಯಬಾರದು. ಅದು ಕರಗಿ ಚರ್ಮಕ್ಕೆ ಅಂಟುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಒಲೆಯ ಮುಂದೆ ಜೋಲುವ ತೋಳು, ಇಳಿಬಿದ್ದ ವೇಲು ಯಾವ ನೂಲಿನದಾದರೂ ಅಪಾಯವೇ.

ಹಾಲೂಡಿಸುವ ತಿಂಗಳುಗಳು

ನನ್ನ ಮಗ ಹುಟ್ಟಿದ್ದು 2019ರ ಜನವರಿಯಲ್ಲಿ. ಸೌದಿಯ ಕಾರ್ಮಿಕ ಕಾನೂನಿನಂತೆ ಆಗ ಹೆರಿಗೆ ರಜೆ ಹತ್ತು ವಾರ. 2025ರ ಫೆಬ್ರವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಅದು ಹನ್ನೆರಡು ವಾರವಾಗಿದೆ. ಭಾರತದಲ್ಲಿ 2017ರ ತಿದ್ದುಪಡಿಯ ಬಳಿಕ ಮೊದಲ ಎರಡು ಮಕ್ಕಳಿಗೆ 26 ವಾರ. ಮಗುವಿಗೆ ಮೊದಲ ಆರು ತಿಂಗಳು ತಾಯಿಯ ಹಾಲೊಂದನ್ನೇ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹನ್ನೆರಡು ವಾರಕ್ಕೂ ಆರು ತಿಂಗಳಿಗೂ ನಡುವೆ ಉಳಿಯುವ ಮೂರು ತಿಂಗಳನ್ನು ತಾಯಿಯೇ ಹೇಗಾದರೂ ತುಂಬಿಸಬೇಕು. ಕೆಲಸಕ್ಕೆ ಮರಳಿದ ತಾಯಿಗೆ ಹಾಲೂಡಿಸಲು ದಿನಕ್ಕೆ ಒಟ್ಟು ಒಂದು ಗಂಟೆಯ ಸಂಬಳಸಹಿತ ಬಿಡುವು ಸೌದಿ ಕಾನೂನಿನಲ್ಲಿದೆ. ಅದು ಸಾಮಾನ್ಯ ವಿಶ್ರಾಂತಿಯ ಹೊತ್ತಿಗೆ ಸೇರದ ಪ್ರತ್ಯೇಕ ಬಿಡುವು ಎಂಬುದು ಹಲವರಿಗೆ ತಿಳಿದಿಲ್ಲ, ಕೇಳಿ ಪಡೆಯಿರಿ. ಶಿಶುವಿಹಾರದ ವೆಚ್ಚಕ್ಕೆ ನೆರವಾಗುವ ಸರ್ಕಾರದ ಕುರ್ರಾ ಯೋಜನೆ ಸೌದಿ ಪ್ರಜೆಗಳಾದ ತಾಯಂದಿರಿಗೆ ಮಾತ್ರ. ನಮಗಿರುವುದು ಭೇಟಿ ವೀಸಾದಲ್ಲಿ ಬರುವ ಅಮ್ಮ ಅಥವಾ ಅತ್ತೆ.

ನನ್ನ ಬಾಣಂತನಕ್ಕೆ ಬಂದ ಅಮ್ಮನ ಪೆಟ್ಟಿಗೆಯಲ್ಲಿ ಹೊಸ ಬಟ್ಟೆಗಿಂತ ಹಳೆಯ ಹತ್ತಿಯ ಸೀರೆಗಳೇ ಹೆಚ್ಚಿದ್ದವು. ಹೊಟ್ಟೆಗೆ ಸುತ್ತಲು ಒಂದು, ಮಗುವಿನ ಕೆಳಗೆ ಹಾಸಲು ಹರಿದ ತುಂಡುಗಳು, ಕಿವಿಗೆ ಕಟ್ಟಲು ಒಂದು. ನೂರಾರು ಬಾರಿ ಒಗೆದ ಹತ್ತಿಯಷ್ಟು ಮೆತ್ತನೆಯ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಶಸ್ತ್ರಕ್ರಿಯೆಯ ಹೆರಿಗೆಯಾಗಿದ್ದರೆ ಹೊಲಿಗೆಯ ಮೇಲೆ ಒತ್ತುವ ಇಲಾಸ್ಟಿಕ್ ಮತ್ತು ಲಾಡಿ ಎರಡನ್ನೂ ತಿಂಗಳುಗಟ್ಟಲೆ ದೂರವಿಡಬೇಕಾಗುತ್ತದೆ. ಹೊಟ್ಟೆಗೆ ಬಟ್ಟೆ ಸುತ್ತುವುದಿದ್ದರೂ ವೈದ್ಯರನ್ನು ಕೇಳಿಯೇ ಸುತ್ತುವುದು ಒಳ್ಳೆಯದು. ಎದೆಯ ನಡುವೆ ಒಂದೇ ಜಿಪ್ ಇರುವ ನೈಟಿಗಿಂತ, ಎರಡು ಪಕ್ಕದ ಹೊಲಿಗೆಯಲ್ಲಿ ಅಡಗಿದ ಎರಡು ಜಿಪ್‌ಗಳಿರುವುದು ಹಾಲೂಡಿಸಲು ಸುಲಭ. ಜಿಪ್ಪಿನ ಒಳಬದಿಗೆ ಬಟ್ಟೆಯ ಪಟ್ಟಿ ಇರಲೇಬೇಕು. ಇಲ್ಲದಿದ್ದರೆ ಮಗುವಿನ ಕೆನ್ನೆಗೆ ತರಚುತ್ತದೆ.

ಹೊಲಿಸುವವರಿಗೆ ಕೆಲವು ಸೂಚನೆ

ದಮಾಮಿನ ಸೀಕೋ, ರಿಯಾದಿನ ಬತ್ಹಾ, ಜೆದ್ದಾದ ಶರಫಿಯಾ ಇವು ನಮ್ಮವರು ಬಟ್ಟೆಗೂ ದರ್ಜಿಗೂ ಹೋಗುವ ಪೇಟೆಗಳು. ಸಿದ್ಧ ನೈಟಿಗಿಂತ ಹೊಲಿಸಿದ್ದಕ್ಕೆ ತುಸು ಹೆಚ್ಚು ಬಿದ್ದರೂ ಬಾಳಿಕೆಯಲ್ಲಿ ಅದು ಸರಿದೂಗುತ್ತದೆ. ಮೂರು ಮೀಟರ್ ಬಟ್ಟೆ ಸಾಧಾರಣ ಮೈಕಟ್ಟಿನವರ ಉದ್ದದ ಅಂಗಿಗೆ ಸಾಕು. ಹತ್ತಿಯಾದರೆ ಕತ್ತರಿಸುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿರಿ. ಕುಗ್ಗುವುದೆಲ್ಲ ಆಗಲೇ ಕುಗ್ಗಲಿ.

ತೋಳು ಮೊಣಕೈಗಿಂತ ಕೆಳಗಿಳಿಯುವುದಿದ್ದರೆ ಮುಂಗೈಗೆ ಸರಿಯಾಗಿ ಹಿಡಿಯುವಂತಿರಲಿ. ಅಂಚು ಪಾದದ ಕೀಲಿಗಿಂತ ನಾಲ್ಕು ಬೆರಳು ಮೇಲಿರಲಿ. ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿಯುವಾಗ ಪಾದ ಕಾಣದಿದ್ದರೆ ಅಂಚನ್ನು ತುಳಿದು ಬೀಳುವುದು ಖಚಿತ. ಕಂಕುಳಲ್ಲಿ ಆ ಹಳೆಯ ಚೌಕ ತುಂಡನ್ನು ಸೇರಿಸಲು ಹೇಳಿರಿ. ಎರಡೂ ಬದಿಗೆ ಜೇಬು ಕೇಳಿರಿ. ನನ್ನ ದರ್ಜಿ ನೈಟಿಗೆ ಜೇಬೇಕೆಂದು ನಕ್ಕಿದ್ದ. ಫೋನು, ಮನೆಯ ಬೀಗದ ಕೈ, ಮಗುವಿನ ಜ್ವರಮಾಪಕ, ಕೆಂಪು ಪೆನ್ನು, ಇಷ್ಟನ್ನು ಒಂದು ದಿನ ಕೈಯಲ್ಲೇ ಹಿಡಿದು ಅಡುಗೆ ಮಾಡಿ ನೋಡು ಎಂದೆ. ಈಗ ಅವನು ಕೇಳದೆಯೇ ಜೇಬಿಡುತ್ತಾನೆ.

ಕೊಡವಿ ಮಡಚುವುದು

ಶಾಲೆ ಮತ್ತೆ ತೆರೆದಿದೆ. ಆದರೂ ಉತ್ತರಪತ್ರಿಕೆ, ಪಾಠದ ತಯಾರಿ, ಪೋಷಕರ ಕರೆಗಳು ಮನೆಯಿಂದ ಹೊರಗೆ ಹೋಗಿಲ್ಲ. ಕೈ ಸುಟ್ಟ ಆ ವರ್ಷ ನಾನು ಹಸಿರು ಹತ್ತಿಯ ತೋಳಿಲ್ಲದ ಮೇಲಂಗಿಯೊಂದನ್ನು ಹೊಲಿಸಿದೆ. ಶಾಲೆಯ ಕೆಲಸಕ್ಕೆ ಕೂರುವಾಗ ಅದನ್ನು ತೊಡುತ್ತೇನೆ. ಒಲೆಯ ಬಳಿಗೆ ಹೋಗುವಾಗ ಕುರ್ಚಿಯ ಬೆನ್ನಿಗೆ ಹಾಕುತ್ತೇನೆ. ಅದು ಮೈಮೇಲಿದ್ದರೆ ಅಮ್ಮ ಕೆಲಸದಲ್ಲಿದ್ದಾಳೆ ಎಂಬುದು ಮಕ್ಕಳಿಗೆ ಗೊತ್ತು, ಮನೆಯವರಿಗೂ ಗೊತ್ತು. ಹೆಚ್ಚು ಹೊತ್ತು ಹಿಡಿದದ್ದು ನನಗೇ ಗೊತ್ತಾಗಲು. ಅದನ್ನು ತೆಗೆದ ಮೇಲೆ ಶಾಲೆಯ ಫೋನು ಬಂದರೆ ನಾಳೆ ಮಾತಾಡೋಣ ಎನ್ನಲು ನಾನು ಕಲಿತದ್ದು ಈಚೆಗೆ.

ಕಳೆದ ರಜೆಯಲ್ಲಿ ಅಮ್ಮನಿಗೆ ಈ ಮೇಲಂಗಿಯ ಸಂಗತಿಯನ್ನು ಹೇಳಿದೆ. ಅವರ ಬೀಡಿಯ ಮೊರ ಅಟ್ಟದ ಮೇಲಿದೆ, ಕಣ್ಣು ಮಂಜಾಗಿ ಕೆಲಸ ಬಿಟ್ಟು ವರ್ಷಗಳಾದವು. ಮಡಿಲ ಬಟ್ಟೆ ಎಲ್ಲಿದೆಯೆಂದು ಕೇಳಿದೆ. ಅದನ್ನೇ ಒಗೆದು ನಿನ್ನ ಮಗನ ಕೆಳಗೆ ಹಾಸಲು ದಮಾಮಿಗೆ ತಂದಿದ್ದೆನಲ್ಲ ಎಂದರು.